ಮಕ್ಕಳ ರಕ್ಷಣೆಯ ಮೇಲ್ವಿಚಾರಕರಿಗೆ ಎಂಎಸ್‌ಡಬ್ಲ್ಯೂ: ಎಲ್ಲಿ ಓದಬೇಕು, ಹೇಗೆ ಓದಬೇಕು, ಓದಿ ತಂಡಕ್ಕೆ ಏನು ತರಬೇಕು

ಕಲಬುರಗಿ, ಬೀದರ್, ಯಾದಗಿರಿ ಕಡೆ ಮಕ್ಕಳ ರಕ್ಷಣೆಯ ಕೆಲಸದಲ್ಲಿರುವ ಬಹಳ ಜನ ಒಂದೇ ದಾರಿಯಲ್ಲಿ ಬಂದವರು. ಬಿಎ ಮುಗಿಸಿರುತ್ತಾರೆ. ಯಾವುದೋ ಸಂಸ್ಥೆಯಲ್ಲಿ ಊರೂರು ತಿರುಗುವ ಕೆಲಸ ಸಿಗುತ್ತದೆ. ಕೆಲವು ವರ್ಷ ತಾಂಡಾ, ಓಣಿ, ಬಸ್ ಸ್ಟ್ಯಾಂಡ್, ವಾಡಿ ಜಂಕ್ಷನ್ ಪ್ಲಾಟ್‌ಫಾರ್ಮ್ ಎಲ್ಲ ಸುತ್ತುತ್ತಾರೆ. ಆಮೇಲೆ ಒಂದು ದಿನ ಮೇಲಿನವರು ಕರೆದು, 'ಇನ್ನು ಮೇಲೆ ಈ ತಂಡ ನೀವೇ ನೋಡಿಕೊಳ್ಳಿ' ಅನ್ನುತ್ತಾರೆ. ನಾನೂ ಹಾಗೆಯೇ ಮೇಲ್ವಿಚಾರಕಿ ಆದವಳು.

ಮಗುವಿನ ಜೊತೆ ಹೇಗೆ ಮಾತಾಡಬೇಕು ಅನ್ನೋದು ಅಷ್ಟು ಹೊತ್ತಿಗೆ ನಮಗೆ ಗೊತ್ತಿರುತ್ತದೆ. ಠಾಣೆಯಲ್ಲಿ ಯಾರನ್ನು ಕೇಳಬೇಕು, ಮಕ್ಕಳ ಕಲ್ಯಾಣ ಸಮಿತಿಯ (ರಕ್ಷಣೆ ಬೇಕಾದ ಮಗು ಎಲ್ಲಿರಬೇಕು ಅಂತ ತೀರ್ಮಾನ ಮಾಡುವ ಸಮಿತಿ) ಮುಂದೆ ಕಡತ ಹೇಗೆ ಇಡಬೇಕು ಅನ್ನೋದೂ ಗೊತ್ತಿರುತ್ತದೆ. ಆದರೆ ಈ ಕೆಲಸ ಮಾಡುವ ಇನ್ನೊಬ್ಬರನ್ನು ಹೇಗೆ ಬೆಳೆಸಬೇಕು ಅನ್ನೋದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಕೆಲಸದಲ್ಲಿ ಇದ್ದುಕೊಂಡೇ ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದ್ದು ಅದಕ್ಕೇ. ಓದಬೇಕು ಅಂತ ಯೋಚನೆ ಮಾಡುತ್ತಿರುವ ಸೂಪರ್‌ವೈಸರ್‌ಗಳು, ಬಾಲಮಂದಿರದ ಅಧೀಕ್ಷಕರು, ಸಂರಕ್ಷಣಾಧಿಕಾರಿಗಳು, ಅಂಗನವಾಡಿ ಮೇಲ್ವಿಚಾರಕಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಓದುವ ಮೊದಲು

ನಿಮಗೆ ಬೇಕಿರುವುದು ತರಬೇತಿಯಾ, ಪದವಿಯಾ? ಇದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಜೊತೆ ಹೇಗೆ ಮಾತಾಡಬೇಕು, ಮಕ್ಕಳ ಮಾನಸಿಕ ಆರೋಗ್ಯ ಅಂದರೇನು, ಇಷ್ಟು ಕಲಿತರೆ ಸಾಕು ಅಂದರೆ ಎರಡು ವರ್ಷದ ಪದವಿ ಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂವಾದ್ ಅಂತ ಒಂದು ಕಾರ್ಯಕ್ರಮ ಇದೆ. ಮಕ್ಕಳ ರಕ್ಷಣೆಯಲ್ಲಿ ಇರುವವರಿಗಾಗಿಯೇ ತರಬೇತಿ ಕೊಡುತ್ತಾರೆ, ಆನ್‌ಲೈನ್‌ನಲ್ಲೂ ಮಾಡುತ್ತಾರೆ. ಅದು ತುಂಬ ಒಳ್ಳೆಯದು. ನಿಮ್ಮ ತಂಡದವರನ್ನೂ ಅದಕ್ಕೆ ಕೂರಿಸಿ.

ಪದವಿ ಬೇಕಾಗುವುದು ಎರಡು ಕಾರಣಕ್ಕೆ. ಮುಂದಿನ ಹುದ್ದೆಗೆ ಅರ್ಹತೆ ಬೇಕು ಅನ್ನೋದು ಒಂದು. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ. ಎರಡನೆಯದು ನನಗೆ ಜಾಸ್ತಿ ಮುಖ್ಯ. ಎಂಎಸ್‌ಡಬ್ಲ್ಯೂ ಓದುವಾಗ ನಿಮ್ಮ ಕೆಲಸವನ್ನು ಇನ್ನೊಬ್ಬರು ವಾರ ವಾರ ಕೂತು ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಇಂಡಿವಿಜುವಲ್ ಕಾನ್ಫರೆನ್ಸ್ ಅಂತಾರೆ. ವರ್ಷಗಟ್ಟಲೆ ಬೇರೆಯವರ ಕೆಲಸ ನೋಡುತ್ತಾ ಬಂದವರಿಗೆ, ತಮ್ಮ ಕೆಲಸವನ್ನು ಇನ್ನೊಬ್ಬರ ಮುಂದೆ ಬಿಚ್ಚಿಡುವ ಅವಕಾಶ ಬೇರೆಲ್ಲೂ ಸಿಗುವುದಿಲ್ಲ. ಒಳ್ಳೆಯ ಮೇಲ್ವಿಚಾರಣೆ ಅನುಭವಿಸಿದವರಿಗೇ ಅದನ್ನು ಕೊಡುವುದು ಗೊತ್ತಾಗುತ್ತದೆ. ಹಾಗಾಗಿ ಕಾಲೇಜು, ಫೀಲ್ಡ್‌ವರ್ಕ್ ಜಾಗ (ಓದಿನ ಭಾಗವಾಗಿ ಕೆಲಸ ಮಾಡಿ ಕಲಿಯುವ ಜಾಗ), ಗೈಡ್, ಪ್ರಬಂಧದ ವಿಷಯ, ಏನನ್ನೇ ಆರಿಸಿಕೊಳ್ಳುವಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ನನ್ನ ಕೆಲಸವನ್ನು ಯಾರು ನೋಡುತ್ತಾರೆ, ಹೇಗೆ ನೋಡುತ್ತಾರೆ?

ಎಲ್ಲಿ

ನಮ್ಮ ಭಾಗದಲ್ಲಿ ರೆಗ್ಯುಲರ್ ಆಗಿ ಓದಲು ಎರಡು ದೊಡ್ಡ ಜಾಗ ಇವೆ. ಒಂದು ಗುಲಬರ್ಗಾ ವಿಶ್ವವಿದ್ಯಾಲಯ, ಕಲಬುರಗಿಯ ಜ್ಞಾನಗಂಗಾ ಆವರಣದಲ್ಲಿರುವುದು. ಇನ್ನೊಂದು ಆಳಂದ ರಸ್ತೆಯಲ್ಲಿ ಕಡಗಂಚಿ ಹತ್ತಿರ ಇರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. ಕೇಂದ್ರೀಯ ವಿವಿಗೆ ಸಿಯುಇಟಿ-ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಅರ್ಜಿಯ ದಿನಾಂಕ ತರಗತಿ ಶುರುವಾಗುವುದಕ್ಕೆ ಬಹಳ ತಿಂಗಳ ಮೊದಲೇ ಮುಗಿದಿರುತ್ತದೆ. ಡಿಗ್ರಿ ಫಲಿತಾಂಶ ಬಂದ ಮೇಲೆ ನೋಡಿದರಾಯ್ತು ಅನ್ನುವವರಿಗೆ ಒಂದು ವರ್ಷ ಹೋಗುತ್ತದೆ. ಇವೆರಡರ ಜೊತೆಗೆ ಎಂಎಸ್‌ಡಬ್ಲ್ಯೂ ನಡೆಸುವ ಕಾಲೇಜುಗಳೂ ಇವೆ. ಬೀದರ್, ಯಾದಗಿರಿಯವರು ಹತ್ತಿರದ ಕಾಲೇಜಿಗೇ ಹೋಗಿ ವಿಚಾರಿಸುವುದು ಒಳ್ಳೆಯದು.

ವಿಚಾರಿಸುವಾಗ ಫೀಸು ಎಷ್ಟು, ಹಾಸ್ಟೆಲ್ ಇದೆಯಾ ಅಂತ ಮಾತ್ರ ಕೇಳಿ ಬರಬೇಡಿ. ಸೀನಿಯರ್ ವಿದ್ಯಾರ್ಥಿ ಯಾರಾದರೂ ಸಿಕ್ಕರೆ ಅವರನ್ನೇ ಕೇಳಿ. ಫೀಲ್ಡ್‌ವರ್ಕ್ ವಾರಕ್ಕೆ ಎಷ್ಟು ದಿನ ನಿಜವಾಗಿ ನಡೆಯುತ್ತದೆ? ಗೈಡ್ ನಿಮ್ಮ ರೆಕಾರ್ಡ್ ಓದುತ್ತಾರಾ, ಇಲ್ಲ ಸಹಿ ಹಾಕಿ ವಾಪಸ್ ಕೊಡುತ್ತಾರಾ? ಪರೀಕ್ಷೆ ಕನ್ನಡದಲ್ಲಿ ಬರೆಯಬಹುದಾ? ಸೇರುವುದೋ ಬೇಡವೋ ಅನ್ನೋದನ್ನು ಈ ಮೂರು ಉತ್ತರದ ಮೇಲೆ ತೀರ್ಮಾನ ಮಾಡಬಹುದು.

ದೂರಶಿಕ್ಷಣದಲ್ಲಿ ಬಹಳ ಜನ ಆರಿಸಿಕೊಳ್ಳುವುದು ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ). ಕನಿಷ್ಠ 2 ವರ್ಷ, ಗರಿಷ್ಠ 4 ವರ್ಷದಲ್ಲಿ ಮುಗಿಸಬಹುದು. ಜನವರಿ ಮತ್ತು ಜುಲೈ, ವರ್ಷಕ್ಕೆ ಎರಡು ಸಲ ಪ್ರವೇಶ ಇರುತ್ತದೆ. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಮಾಧ್ಯಮ ಇಂಗ್ಲಿಷ್ ಇಲ್ಲವೇ ಹಿಂದಿ. ನಾನು ಓದಿದ್ದು ದೂರಶಿಕ್ಷಣದಲ್ಲೇ. ಕೆಲಸ ಬಿಡುವ ಹಾಗಿರಲಿಲ್ಲ, ಮನೆಯಲ್ಲಿ ಅತ್ತೆಯವರನ್ನೂ ನೋಡಿಕೊಳ್ಳಬೇಕಿತ್ತು. ಯಾವ ವಿಶ್ವವಿದ್ಯಾಲಯವೇ ಆಗಲಿ, ದುಡ್ಡು ಕಟ್ಟುವ ಮೊದಲು ಆ ವರ್ಷ ಆ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ವಿಭಾಗದ ಮಾನ್ಯತೆ ಇದೆಯಾ ಅಂತ ಯುಜಿಸಿ ಪಟ್ಟಿಯಲ್ಲಿ ನೀವೇ ನೋಡಿ. ಸ್ಟಡಿ ಸೆಂಟರಿನವರ ಬಾಯಿಮಾತು ಸಾಲದು. 'ಬರೀ ಪರೀಕ್ಷೆ ಬರೀರಿ, ಫೀಲ್ಡ್‌ವರ್ಕ್ ಸರ್ಟಿಫಿಕೇಟ್ ನಾವು ಕೊಡಿಸ್ತೀವಿ' ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಅಂಥವರ ಹತ್ತಿರ ಹೋಗಲೇಬೇಡಿ. ಈ ಓದಿನ ಜೀವ ಇರುವುದೇ ಫೀಲ್ಡ್‌ವರ್ಕ್‌ನಲ್ಲಿ.

ಅನುಮತಿ, ರಜೆ, ದುಡ್ಡು

ಸರ್ಕಾರಿ ನೌಕರರು ಇಲಾಖೆಯ ಅನುಮತಿ ಬರಹದಲ್ಲಿ ಪಡೆದ ಮೇಲೇ ಪ್ರವೇಶ ಪಡೆಯಿರಿ. ಮೊದಲು ಸೇರಿ ಆಮೇಲೆ ಅರ್ಜಿ ಹಾಕಿದರೆ, ಮುಂದೆ ಆ ಪದವಿಯನ್ನು ಸೇವಾ ಪುಸ್ತಕಕ್ಕೆ ಸೇರಿಸುವಾಗ ತಕರಾರು ಬರುತ್ತದೆ. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಯೋಜನೆಯಾದ ಮಿಷನ್ ವಾತ್ಸಲ್ಯದ ಅಡಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಇರುವವರಲ್ಲಿ ಬಹುತೇಕರು ಗುತ್ತಿಗೆಯವರು. ಅವರಿಗೆ ಅಧ್ಯಯನ ರಜೆ ಅನ್ನೋದು ಇಲ್ಲ. ಸಂಸ್ಥೆಗಳಲ್ಲಿ ಇರುವವರದ್ದೂ ಅದೇ ಕಥೆ. ಹಾಗಾಗಿ ಮಾತಾಡಿಯೇ ದಾರಿ ಮಾಡಿಕೊಳ್ಳಬೇಕು. ಮೇಲಿನವರ ಹತ್ತಿರ ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಯಾವ ಎರಡು ದಿನ ಫೀಲ್ಡ್‌ವರ್ಕ್, ಆ ದಿನ ನಿಮ್ಮ ಫೋನ್ ಯಾರು ಎತ್ತುತ್ತಾರೆ, ರಾತ್ರಿ ತುರ್ತು ಕರೆ ಬಂದರೆ ಯಾರು ಹೋಗುತ್ತಾರೆ, ಪರೀಕ್ಷೆ ಯಾವ ತಿಂಗಳು. ಇಷ್ಟಿದ್ದರೆ ಒಪ್ಪುವವರೇ ಜಾಸ್ತಿ. ಸುಮ್ನೆ 'ಓದ್ಬೇಕು ಸರ್' ಅಂದರೆ ಅವರ ಕಣ್ಣಿಗೆ ಕಾಣುವುದು ಖಾಲಿ ಕುರ್ಚಿ ಮಾತ್ರ.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಮೆರಿಕದಲ್ಲಿ ಮಕ್ಕಳ ಕಲ್ಯಾಣ ಇಲಾಖೆಗಳ ನೌಕರರನ್ನು, ಮೇಲ್ವಿಚಾರಕರನ್ನು ಎಂಎಸ್‌ಡಬ್ಲ್ಯೂ ಓದಿಸಲು ಕೇಂದ್ರ ಸರ್ಕಾರದ ದುಡ್ಡು ಬಳಸುತ್ತಾರೆ. ಅಲ್ಲಿನ ಸಾಮಾಜಿಕ ಭದ್ರತಾ ಕಾಯ್ದೆಗೆ 1980ರಲ್ಲಿ ಟೈಟಲ್ 4-ಇ ಅನ್ನುವ ಭಾಗ ಸೇರಿತು. ಅದರ ಅಡಿ ತರಬೇತಿ ಖರ್ಚಿನ ಶೇ 75ರವರೆಗೆ ರಾಜ್ಯಗಳಿಗೆ ವಾಪಸ್ ಸಿಗುತ್ತದೆ. ಬಹಳ ರಾಜ್ಯಗಳು ವಿಶ್ವವಿದ್ಯಾಲಯಗಳ ಜೊತೆ ಸೇರಿ, ಓದುವವರಿಗೆ ಸ್ಟೈಪೆಂಡ್ ಕೊಡುತ್ತವೆ. ಓದಿದವರು ಇಂತಿಷ್ಟು ಕಾಲ ಮಕ್ಕಳ ಕಲ್ಯಾಣದ ಕೆಲಸದಲ್ಲೇ ಇರಬೇಕು ಅನ್ನೋದು ಷರತ್ತು. ಇಂಥದ್ದೊಂದು ನಮ್ಮಲ್ಲೂ ಬೇಕು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂದ ಮೇಲೆ ನಮ್ಮ ಭಾಗದ ಹೆಸರಲ್ಲಿ ದುಡ್ಡು ಬರುತ್ತಿದೆ, ರಸ್ತೆ, ಕಟ್ಟಡ ಆಗುತ್ತಿವೆ. ಅದರಲ್ಲಿ ಒಂದಿಷ್ಟು, ಮಕ್ಕಳ ಜೊತೆ ಕೆಲಸ ಮಾಡುವವರ ಓದಿಗೂ ಸಿಗಬೇಕು. ಕೇಳುವ ಜಾಗದಲ್ಲೆಲ್ಲ ನಾನು ಇದನ್ನು ಕೇಳುತ್ತಿದ್ದೇನೆ. ನೀವೂ ಕೇಳಿ.

ಅಲ್ಲಿಯವರೆಗೆ ಎಸ್ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ನೋಡಿ. ಆದಾಯ ಮಿತಿ ಇರುತ್ತದೆ. ಸಂಬಳ ಕಡಿಮೆ ಇರುವ ಹೊರಸಂಪರ್ಕ ಕಾರ್ಯಕರ್ತರಿಗೆ ಸಿಗುವ ಸಾಧ್ಯತೆ ಜಾಸ್ತಿ.

ಫೀಲ್ಡ್‌ವರ್ಕ್

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೆಲಸದಲ್ಲಿ ಇರುವವರು ದಾರಿ ತಪ್ಪುವುದು ಇಲ್ಲೇ. 'ನಾನು ಹೇಗೂ ದಿನಾ ಫೀಲ್ಡಿನಲ್ಲೇ ಇರ್ತೀನಿ, ನನ್ನ ಆಫೀಸೇ ಫೀಲ್ಡ್‌ವರ್ಕ್ ಜಾಗ' ಅಂತ ಬರೆದುಕೊಡುತ್ತಾರೆ. ಸಮಯ ಉಳಿಯುತ್ತದೆ ನಿಜ. ಆದರೆ ಕಲಿಯುವುದು ಏನೂ ಇರುವುದಿಲ್ಲ. ನಿಮ್ಮ ಆಫೀಸಿನಲ್ಲಿ ನೀವು ಮೇಡಂ. ನಿಮ್ಮ ಕೆಲಸ ತಪ್ಪು ಅಂತ ಹೇಳುವವರು ಅಲ್ಲಿ ಯಾರೂ ಇಲ್ಲ.

ಕನಿಷ್ಠ ಒಂದು ವರ್ಷವಾದರೂ ಬೇರೆ ಜಾಗಕ್ಕೆ ಹೋಗಿ. ನೀವು ಮಕ್ಕಳನ್ನು ಕಳಿಸುವ ಜಾಗವಾದರೆ ಇನ್ನೂ ಒಳ್ಳೆಯದು. ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡ್, ಪೌಷ್ಟಿಕ ಪುನಶ್ಚೇತನ ಕೇಂದ್ರ (ತೀವ್ರ ಅಪೌಷ್ಟಿಕತೆ ಇರುವ ಮಕ್ಕಳಿಗೆ ಚಿಕಿತ್ಸೆ ಕೊಡುವ ಜಾಗ), ಸಖಿ ಕೇಂದ್ರ (ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ನೆರವು ಕೊಡುವ ಜಾಗ), ಬಾಲನ್ಯಾಯ ಮಂಡಳಿ, ಕೌಟುಂಬಿಕ ನ್ಯಾಯಾಲಯ, ಹೀಗೆ. ನಾನು ಪೌಷ್ಟಿಕ ಪುನಶ್ಚೇತನ ಕೇಂದ್ರ ಆರಿಸಿಕೊಂಡೆ. ನಮ್ಮ ತಂಡ ಅಲ್ಲಿಗೆ ಮಕ್ಕಳನ್ನು ಸೇರಿಸುತ್ತಿತ್ತು. ಸಾಮಾನ್ಯವಾಗಿ ಅಲ್ಲಿ ಮಗು, ತಾಯಿ ಇಬ್ಬರೂ 14 ದಿನ ಇರಬೇಕು. ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಹೇಳದೇ ಕೇಳದೇ ಎದ್ದು ಹೋಗುವ ತಾಯಂದಿರು ಬಹಳ. ನಮ್ಮ ರಿಜಿಸ್ಟರಿನಲ್ಲಿ ಅದು 'ತಾಯಿಯ ನಿರ್ಲಕ್ಷ್ಯ' ಅಂತ ಬರುತ್ತಿತ್ತು.

ವಾರ್ಡಿನ ಮೂಲೆಯಲ್ಲಿ ಕೂತು ನೋಡಿದರೆ ಬೇರೆಯೇ ಕಾಣುತ್ತದೆ. ಸಂಜೆ ಆಗುತ್ತಿದ್ದ ಹಾಗೆ ತಾಯಿ ಸಮಾಧಾನ ಇಲ್ಲದೇ ಓಡಾಡುತ್ತಾಳೆ. ಪಕ್ಕದ ಬೆಡ್ಡಿನವರ ಫೋನ್ ಕೇಳಿ ಊರಿಗೆ ಮಾಡುತ್ತಾಳೆ. ಆ ಕಡೆ ಇನ್ನೆರಡು ಮಕ್ಕಳು. ಗಂಡ ಪುಣೆಯಲ್ಲೋ ಹೈದರಾಬಾದಿನಲ್ಲೋ ದುಡಿಯಲು ಹೋಗಿರುತ್ತಾನೆ. ರೊಟ್ಟಿ ಬಡಿಯುವವರು ಮನೆಯಲ್ಲಿ ಯಾರೂ ಇಲ್ಲ. ತೊಗರಿ ರಾಶಿಯ ಕಾಲವಾದರೆ ಕೂಲಿಯೂ ಹೋಯಿತು. ಅವಳು ಎದ್ದು ಹೋಗುವುದು ಒಂದು ಮಗುವನ್ನು ಬಿಟ್ಟು ಅಲ್ಲ, ಉಳಿದ ಎರಡು ಮಕ್ಕಳ ಹತ್ತಿರ. ಇದು ಗೊತ್ತಾದ ಮೇಲೆ ನಮ್ಮ ತಂಡದಲ್ಲಿ ಒಂದು ಪ್ರಶ್ನೆ ಸೇರಿಸಿದೆವು. ಮಗುವನ್ನು ಕೇಂದ್ರಕ್ಕೆ ಕಳಿಸುವ ಮೊದಲು, 'ಮನೆಯಲ್ಲಿ ಉಳಿದ ಮಕ್ಕಳಿಗೆ ಎರಡು ವಾರ ಊಟ ಯಾರು ಕೊಡ್ತಾರೆ?' ಅಂತ ಕೇಳಬೇಕು. ಅಂಗನವಾಡಿ ಕಾರ್ಯಕರ್ತೆ, ಅಜ್ಜಿ, ಪಕ್ಕದ ಮನೆಯ ಅಕ್ಕ, ಯಾರೋ ಒಬ್ಬರ ಹೆಸರು ಸಿಗುವವರೆಗೆ ಅವಸರ ಮಾಡುವುದಿಲ್ಲ. ಮಗುವಿನ ಜೀವಕ್ಕೆ ಅಪಾಯ ಇದ್ದರೆ ಮಾತು ಬೇರೆ, ಆಗ ತಕ್ಷಣ ಕಳಿಸಿ ಆಮೇಲೆ ಇದನ್ನು ನೋಡುತ್ತೇವೆ.

ಗೈಡ್ ವಿಷಯಕ್ಕೆ ಬರೋಣ. ದೂರಶಿಕ್ಷಣದಲ್ಲಿ ಗೈಡ್ ತಿಂಗಳಿಗೊಮ್ಮೆ ಸಿಕ್ಕರೂ ನಡೆಯುತ್ತದೆ ಅಂತ ಬಹಳ ಜನ ಸುಮ್ಮನಾಗುತ್ತಾರೆ. ಹಾಗೆ ಬಿಡಬೇಡಿ. ನನಗೆ ಸಿಕ್ಕವರು ನಿವೃತ್ತ ಉಪನ್ಯಾಸಕರು. ವಾರಕ್ಕೊಂದು ಸಲ ಬರುತ್ತೇನೆ ಸರ್ ಅಂತ ನಾನೇ ಕೇಳಿಕೊಂಡೆ. ಅವರು ನನ್ನ ರೆಕಾರ್ಡ್ ಓದಿ ಹೇಳುತ್ತಿದ್ದ ಮಾತು ಒಂದೇ: 'ನೀ ಅಂದ್ಕೊಂಡಿದ್ದು ಆಮ್ಯಾಲ ಬರಿ ತಂಗಿ. ಮೊದ್ಲ ಕಂಡಿದ್ದು ಬರಿ, ಕೇಳಿದ್ದು ಬರಿ.' ಹಾಳೆಯ ಮಧ್ಯೆ ಗೆರೆ ಹೊಡೆಸಿದರು. ಎಡಗಡೆ ಕಂಡಿದ್ದು, ಕೇಳಿದ್ದು. ಬಲಗಡೆ ನನಗೆ ಅನ್ನಿಸಿದ್ದು. ನೋಡಲು ಸಣ್ಣ ಸಂಗತಿ. ಇಡೀ ಎಂಎಸ್‌ಡಬ್ಲ್ಯೂದಲ್ಲಿ ನನಗೆ ಇದಕ್ಕಿಂತ ದೊಡ್ಡದು ಯಾವುದೂ ಸಿಕ್ಕಿಲ್ಲ.

ಇನ್ನೊಂದು ಎಚ್ಚರಿಕೆ. ಕೆಲಸದಲ್ಲಿ ಇರುವವರ ಕೈಯಲ್ಲಿ ನಿಜವಾದ ಕಡತಗಳು ಇರುತ್ತವೆ. ರೆಕಾರ್ಡ್ ಬರೆಯುವ ಅವಸರದಲ್ಲಿ ಮಗುವಿನ ಹೆಸರು, ಊರು, ಶಾಲೆ ಹಾಗೇ ಬರೆದುಬಿಡುತ್ತಾರೆ, ಫೋಟೋ ಅಂಟಿಸುತ್ತಾರೆ. ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 74ರ ಪ್ರಕಾರ ಮಗುವಿನ ಗುರುತು ಬಹಿರಂಗ ಮಾಡುವಂತಿಲ್ಲ. 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಕಾಯ್ದೆಗಿಂತ ದೊಡ್ಡದು ಮಗುವಿನ ಮರ್ಯಾದೆ. ನಮ್ಮ ಊರುಗಳು ಸಣ್ಣವು. ಹೆಸರು ಬದಲಿಸಿದರೆ ಸಾಲದು. ಊರು, ವಯಸ್ಸು, ಅಣ್ಣತಮ್ಮಂದಿರ ಸಂಖ್ಯೆ, ತಂದೆಯ ಕೆಲಸ ಎಲ್ಲ ಬದಲಿಸಿ. ನಾನು ಇಲ್ಲಿ ಹೇಳುವ ಉದಾಹರಣೆಗಳಲ್ಲೂ ಹಾಗೇ ಮಾಡಿದ್ದೇನೆ.

ಇಂಗ್ಲಿಷ್ ಓದು

ಪುಸ್ತಕಗಳು ಇಂಗ್ಲಿಷಿನಲ್ಲಿ ಇವೆ ಅಂತ ಹಿಂಜರಿಯುವವರು ಬಹಳ. ಒಂದು ಪಾಠ ಓದುವ ಮೊದಲು ಆ ವಿಷಯದ ನಿಮ್ಮದೇ ಒಂದು ಕೇಸ್ ನೆನಪು ಮಾಡಿಕೊಳ್ಳಿ. ಕೇಸ್‌ವರ್ಕ್ ಪಾಠ ಓದುವಾಗ ಮುಂಬೈ ರೈಲಿನಲ್ಲಿ ಸಿಕ್ಕ ಹುಡುಗ, ಗ್ರೂಪ್‌ವರ್ಕ್ ಓದುವಾಗ ಬಾಲಮಂದಿರದ ಕಬಡ್ಡಿ ಗುಂಪು. ಆಗ ಅರ್ಧ ಪಾಠ ನಿಮಗೆ ಮೊದಲೇ ಗೊತ್ತಿರುತ್ತದೆ. ಉಳಿದದ್ದನ್ನು ಕನ್ನಡದಲ್ಲಿ ಒಂದು ಪುಟ ಟಿಪ್ಪಣಿ ಮಾಡಿ. ನಾಲ್ಕೈದು ಜನ ಸೇರಿ ಪಾಠ ಹಂಚಿಕೊಂಡರೆ ಇನ್ನೂ ಸುಲಭ. ಮೊಬೈಲಿನಲ್ಲಿ ಅನುವಾದ ಮಾಡಿ ಓದುವುದಾದರೆ ಕಾಯ್ದೆಯ ಭಾಗಕ್ಕೆ ಮಾತ್ರ ಅದನ್ನು ನಂಬಬೇಡಿ. ಬಾಲನ್ಯಾಯ ಕಾಯ್ದೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿರುದ್ಧದ ಪೋಕ್ಸೊ ಕಾಯ್ದೆ 2012, ಬಾಲ್ಯವಿವಾಹ ನಿಷೇಧ ಕಾಯ್ದೆ 2006, ಇವನ್ನು ಮೂಲದ ಪಕ್ಕದಲ್ಲೇ ಇಟ್ಟುಕೊಂಡು ಓದಿ. ಬಾಲ್ಯವಿವಾಹ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿ ಬೇರೆ ಇದೆ. ಅದರ ಪ್ರಕಾರ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ದೇಶದ ಮಟ್ಟದ ಪಠ್ಯಗಳಲ್ಲಿ ಇದು ಸಿಗುವುದು ಕಷ್ಟ.

ತಂಡಕ್ಕೆ ತರುವುದು

ಆಲ್ಫ್ರೆಡ್ ಕಡುಶಿನ್ ಅನ್ನುವ ಅಮೆರಿಕದ ಪ್ರಾಧ್ಯಾಪಕರು ಸಮಾಜಕಾರ್ಯದ ಮೇಲ್ವಿಚಾರಣೆಯಲ್ಲಿ ಮೂರು ಕೆಲಸ ಗುರುತಿಸಿದ್ದಾರೆ. ಆಡಳಿತ, ಕಲಿಸುವುದು, ಆಸರೆ ಕೊಡುವುದು. ಪಾಠದಲ್ಲಿ ಇದು ಬಂದಾಗ ನಮ್ಮ ಕಡೆಯ ಮೀಟಿಂಗ್‌ಗಳು ಕಣ್ಣ ಮುಂದೆ ಬಂದವು. ಈ ತಿಂಗಳು ಮನೆ ಭೇಟಿ ಎಷ್ಟು? ಬಾಲ್ಯವಿವಾಹ ಎಷ್ಟು ತಡೆದಿರಿ? ಫೋಟೋ ಗ್ರೂಪಿಗೆ ಹಾಕಿದಿರಾ? ಎಲ್ಲವೂ ಮೊದಲನೆಯದೇ. ಇನ್ನೆರಡಕ್ಕೆ ಜಾಗವೇ ಇಲ್ಲ.

ನಾನು ಮಾಡಿದ ಬದಲಾವಣೆ ಇದು. ತಂಡದ ಪ್ರತಿಯೊಬ್ಬರಿಗೂ ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ, ಒಬ್ಬೊಬ್ಬರಿಗೇ. ಆ ಹೊತ್ತಿನಲ್ಲಿ ಅಂಕಿ-ಸಂಖ್ಯೆ ಕೇಳುವುದಿಲ್ಲ, ಅದಕ್ಕೆ ಬೇರೆ ಮೀಟಿಂಗ್ ಇದೆ. ಫೋನ್ ಇನ್ನೊಬ್ಬರ ಕೈಗೆ ಕೊಟ್ಟಿರುತ್ತೇನೆ. ಅವರು ಒಂದೇ ಒಂದು ಕಡತ ತರಬೇಕು. ಚೆನ್ನಾಗಿ ಮುಗಿದ ಕಡತ ಬೇಡ, ತಲೆ ತಿನ್ನುತ್ತಿರುವುದು ಬೇಕು.

ಒಂದು ಸಲ ನಮ್ಮ ಹೊರಸಂಪರ್ಕ ಕಾರ್ಯಕರ್ತ ಸಾಮಾಜಿಕ ತನಿಖಾ ವರದಿ ತಂದ. ನಮೂನೆ 22. ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಿದ ಮೇಲೆ 15 ದಿನದಲ್ಲಿ ಈ ತನಿಖೆ ಮುಗಿಯಬೇಕು. ಅದರ ಮೇಲೆ ಸಮಿತಿ ಮಗು ಮನೆಗೆ ಹೋಗಬೇಕೋ ಬಾಲಮಂದಿರದಲ್ಲಿ ಇರಬೇಕೋ ಅಂತ ತೀರ್ಮಾನ ಮಾಡುತ್ತದೆ. ಅವನು ಬರೆದಿದ್ದ: 'ಮನೆಯ ಪರಿಸ್ಥಿತಿ ಸರಿಯಿಲ್ಲ. ತಾಯಿ ಸಹಕರಿಸಲಿಲ್ಲ.'

'ಸಹಕರಿಸಲಿಲ್ಲ ಅಂದ್ರ ಏನು ಮಾಡಿದ್ಲು?' ಅಂದೆ.

'ಮಾತೇ ಆಡ್ಲಿಲ್ರಿ ಮೇಡಂ.'

'ನೀ ಎಷ್ಟೊತ್ತಿಗೆ ಹೋಗಿದ್ದಿ?'

'ಹನ್ನೊಂದು ಆಗಿತ್ರಿ. ಪೊಲೀಸ್ನೋರೂ ಜೊತಿಗೆ ಬಂದಿದ್ರು.'

'ಆಕಿ ಎಲ್ಲಿ ನಿಂತಿದ್ಲು?'

'ಬಾಗಲ್ದಾಗ್ರಿ. ಹಿಂದ ಸಣ್ಣ ಹುಡುಗಿ ಸೆರಗು ಹಿಡ್ಕೊಂಡು ನಿಂತಿತ್ತು.'

'ಇದನ್ನ ಯಾಕ ಬರಿಲಿಲ್ಲ?'

'ಇದೂ ಬರೀಬೇಕೇನ್ರಿ?'

'ಇದೇ ಬರೀಬೇಕು.'

ಅವನಿಗೆ ನಾನು ಉತ್ತರ ಹೇಳಲಿಲ್ಲ. ಹಾಳೆಗೆ ಗೆರೆ ಹೊಡೆದು ಎಡಗಡೆ ತುಂಬಲು ಹೇಳಿದೆ. ತುಂಬುತ್ತಾ ತುಂಬುತ್ತಾ ಅವನಿಗೇ ಹೊಳೆಯಿತು. ತಾಂಡಾದ ಹೆಂಗಸು, ಮನೆಮಾತು ಲಂಬಾಣಿ. ಅವನು ಮಾತಾಡಿದ್ದು ಕನ್ನಡ. ಪಕ್ಕದಲ್ಲಿ ಖಾಕಿ. ಹಿಂದೆ ಇನ್ನೊಂದು ಮಗು. ಎರಡನೇ ಸಲ ಸಂಜೆ ಹೊತ್ತು ಹೋದ, ಲಂಬಾಣಿ ಬರುವ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು. ಆ ತಾಯಿ ಮಾತಾಡಿದಳು. ಒಂದು ಮಗುವನ್ನು ಕರೆದುಕೊಂಡು ಹೋದವರು ಇನ್ನೊಂದನ್ನೂ ಒಯ್ಯುತ್ತಾರೆ ಅಂತ ಹೆದರಿದ್ದಳು, ಅಷ್ಟೇ. ಅವಳ ಅಣ್ಣ ಅದೇ ತಾಂಡಾದಲ್ಲಿ ಇದ್ದ, ಮಕ್ಕಳನ್ನು ನೋಡಿಕೊಳ್ಳಲು ತಯಾರಿದ್ದ. ಮೊದಲ ವರದಿಯಲ್ಲಿ ಆ ಅಣ್ಣನ ಸುದ್ದಿಯೇ ಇರಲಿಲ್ಲ. ಎರಡನೇ ವರದಿ ಓದಿದ ಸಮಿತಿಯ ಮುಂದೆ ಪ್ರಾಯೋಜಕತ್ವದ (ಮಗುವನ್ನು ನೋಡಿಕೊಳ್ಳಲು ಕುಟುಂಬಕ್ಕೆ ಸಿಗುವ ಸಹಾಯಧನ) ದಾರಿಯೂ ತೆರೆಯಿತು. ಮಿಷನ್ ವಾತ್ಸಲ್ಯದ ಅಡಿ ತಿಂಗಳಿಗೆ 4,000 ರೂಪಾಯಿ. ಮಗು ಕುಟುಂಬದಲ್ಲೇ ಉಳಿಯಲು ಅದು ದೊಡ್ಡ ಆಸರೆ.

ಈ ಗಂಟೆಯಲ್ಲಿ ಬಳಸಬಹುದಾದ ಇನ್ನೊಂದು ಸಾಧನ ಜೆನೋಗ್ರಾಮ್, ಅಂದರೆ ಕುಟುಂಬದ ನಕ್ಷೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಹೋದವರಿಗೆ ಅದರ ಮೇಲೆ ಅಡ್ಡಗೆರೆ. ಅಜ್ಜ-ಅಜ್ಜಿಯಿಂದ ಮಗುವಿನವರೆಗೆ ಮೂರು ತಲೆಮಾರು ಬರೆಯಿಸಿ. ಎಲ್ಲಿ ಖಾಲಿ ಉಳಿಯುತ್ತದೋ ಅಲ್ಲಿ ಕೇಳದೇ ಬಿಟ್ಟ ಪ್ರಶ್ನೆ ಇದೆ ಅಂತ ಅರ್ಥ. ನಮ್ಮ ಕಡೆ ಸೋದರಮಾವ, ದೊಡ್ಡಮ್ಮ, ಅತ್ತೆ ಇವರೆಲ್ಲ ಮಗುವಿನ ಬದುಕಿನಲ್ಲಿ ಎಷ್ಟು ದೊಡ್ಡವರು ಅಂತ ನಿಮಗೆ ಗೊತ್ತು. ನಮೂನೆಯಲ್ಲಿ ತಂದೆ-ತಾಯಿಯ ಕಾಲಂ ತುಂಬಿಸಿ ಎದ್ದು ಬಂದರೆ ಇವರೆಲ್ಲ ಹೊರಗೇ ಉಳಿಯುತ್ತಾರೆ.

ಮೂರನೆಯದು, ಆಸರೆ. ಪೋಕ್ಸೊ ಕೇಸಿನಲ್ಲಿ ಇಡೀ ರಾತ್ರಿ ಮಗುವಿನ ಜೊತೆ ಆಸ್ಪತ್ರೆಯಲ್ಲಿ ಕೂತು ಬಂದ ಹುಡುಗಿ ಮಾರನೇ ದಿನ ಹತ್ತು ಗಂಟೆಗೆ ಆಫೀಸಿಗೆ ಬರುತ್ತಾಳೆ. ನಗುನಗುತ್ತಾ ಇರುತ್ತಾಳೆ. ಎರಡು ವಾರ ಕಳೆದ ಮೇಲೆ ಸಣ್ಣ ವಿಷಯಕ್ಕೆ ಸಿಡಿಯುತ್ತಾಳೆ, ರಜೆ ಹಾಕುತ್ತಾಳೆ, ಮನೆ ಭೇಟಿ ಮುಂದೂಡುತ್ತಾಳೆ. ಇದನ್ನು ಸೋಮಾರಿತನ ಅಂತ ಬರೆದರೆ ಒಳ್ಳೆಯ ಕೆಲಸಗಾರರನ್ನು ಕಳೆದುಕೊಳ್ಳುತ್ತೀರಿ. ಬೇರೆಯವರ ನೋವು ದಿನಾ ಕೇಳುವವರ ಮೈಮನಸ್ಸಿಗೂ ಅದು ಇಳಿಯುತ್ತದೆ. ಅಂಥ ಕೇಸ್ ಆದ ಎರಡು ಮೂರು ದಿನದೊಳಗೆ ನಾನೇ ಕರೆದು ಕೂರಿಸಿಕೊಳ್ಳುತ್ತೇನೆ. 'ನಿದ್ದಿ ಬರ್ತದಾ? ಊಟ ಸೇರ್ತದಾ? ಆ ಮಗು ಹೇಳಿದ ಯಾವ ಮಾತು ತಲಿಯಾಗ ತಿರಗ್ತದ?' ಇಷ್ಟೇ ಕೇಳುವುದು. ಸಮಾಧಾನದ ಭಾಷಣ ಬೇಡ. ಮುಂದಿನ ಪೋಕ್ಸೊ ಕೇಸ್ ಅವಳಿಗೇ ಕೊಡಬೇಡಿ, ಸರದಿ ಮಾಡಿ. ಬೇಕಿದ್ದರೆ ಆಪ್ತಸಮಾಲೋಚಕರ ಹತ್ತಿರ ಕಳಿಸಿ, ಅದು ಸಂಬಳದ ಹೊತ್ತಿನಲ್ಲೇ ಆಗಬೇಕು.

ಪ್ರಬಂಧ

ಪ್ರಬಂಧಕ್ಕೆ 'ಮಕ್ಕಳ ಹಕ್ಕುಗಳು: ಒಂದು ಅಧ್ಯಯನ' ಅಂತ ದೊಡ್ಡದು ಹಿಡಿಯಬೇಡಿ. ನಿಮ್ಮ ತಂಡಕ್ಕೆ ನಾಳೆ ಕೆಲಸಕ್ಕೆ ಬರುವ ಪ್ರಶ್ನೆ ಹಿಡಿಯಿರಿ. ಮನೆಗೆ ವಾಪಸ್ ಕಳಿಸಿದ ಮಕ್ಕಳು ಆರು ತಿಂಗಳ ನಂತರ ಶಾಲೆಯಲ್ಲಿ ಇದ್ದಾರಾ? ಬೀದರ್ ಕಡೆಯಿಂದ ಕಬ್ಬು ಕಡಿಯಲು ಹೋಗುವ ಕುಟುಂಬಗಳು ಮಕ್ಕಳನ್ನು ಯಾರ ಹತ್ತಿರ ಬಿಟ್ಟು ಹೋಗುತ್ತಾರೆ? ಯಾದಗಿರಿಯಲ್ಲಿ ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಏಳನೇ ತರಗತಿ ಹುಡುಗಿಯರ ಹಾಜರಿ ಹೇಗಿರುತ್ತದೆ? ಇಂಥವು. ಒಂದು ತಾಲೂಕು, ಕೆಲವೇ ಹಳ್ಳಿ ಸಾಕು. ಪಾಲಕರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಮಗುವನ್ನೂ ಬೇರೆಯಾಗಿ ಕೇಳಿ, ಬೇಡ ಅಂದರೆ ಬಿಡಿ. ನಿಮ್ಮದೇ ಕಚೇರಿಯ ಕಡತ ಬಳಸುವುದಾದರೆ ಜಿಲ್ಲಾ ಅಧಿಕಾರಿಗಳ ಅನುಮತಿ ಪತ್ರ ಮೊದಲೇ ಪಡೆಯಿರಿ. ಸಹಾಯಧನ ಸಿಗುತ್ತದೆ ಅನ್ನುವ ಆಸೆಯಿಂದ ಜನ ಉತ್ತರ ಕೊಡುವ ಹಾಗಾಗಬಾರದು. ನಿಮ್ಮನ್ನು ಊರಲ್ಲಿ 'ಮಕ್ಕಳ ಮೇಡಂ' ಅಂತ ಗುರುತಿಸುತ್ತಾರಾದರೆ, ಪ್ರಶ್ನೆ ಕೇಳಲು ಸಹಪಾಠಿಯನ್ನು ಕಳಿಸಿ.

ಮುಗಿದ ಮೇಲೆ

ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಹುದ್ದೆಗಳಿಗೆ ಸಮಾಜಕಾರ್ಯದ ಪದವಿ ಅರ್ಹತೆಗಳಲ್ಲಿ ಒಂದು. ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯರಾಗಲೂ ಅಷ್ಟೇ. 2021ರ ತಿದ್ದುಪಡಿಯ ನಂತರ ಸಮಾಜಕಾರ್ಯ, ಕಾನೂನು, ಮಕ್ಕಳ ಮನಃಶಾಸ್ತ್ರದಂಥ ಪದವಿಗಳಲ್ಲಿ ಒಂದು ಇರಬೇಕು, ಅದರ ಜೊತೆ ಮಕ್ಕಳಿಗಾಗಿ 7 ವರ್ಷ ಕೆಲಸ ಮಾಡಿರಬೇಕು ಅಂತ ಸೆಕ್ಷನ್ 27 ಹೇಳುತ್ತದೆ. ಪದವಿ ಇಟ್ಟುಕೊಂಡು ಆ ವಿಷಯದಲ್ಲೇ ವೃತ್ತಿ ಮಾಡುತ್ತಿರುವವರಿಗೂ ಅವಕಾಶ ಇದೆ. ಸಮಿತಿಯಲ್ಲಿ ಅಧ್ಯಕ್ಷರನ್ನು ಬಿಟ್ಟು ನಾಲ್ಕು ಸದಸ್ಯರು, ಅದರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ತಾಂಡಾ, ಓಣಿ ಸುತ್ತಿದ ನಮ್ಮ ಹೆಣ್ಣುಮಕ್ಕಳು ಆ ಕುರ್ಚಿಗಳಿಗೆ ಅರ್ಜಿ ಹಾಕಬೇಕು ಅನ್ನೋದು ನನ್ನ ಆಸೆ.

ಇದಕ್ಕೆಲ್ಲ ಅನುಭವದ ದಾಖಲೆ ಬೇಕು. ಕೆಲಸಕ್ಕೆ ಸೇರಿದ ಪತ್ರ, ಪ್ರತಿ ವರ್ಷದ ಗುತ್ತಿಗೆ ನವೀಕರಣದ ಆದೇಶ, ಸಂಸ್ಥೆ ಬಿಡುವಾಗ ಕೊಟ್ಟ ಅನುಭವ ಪತ್ರ, ಇವನ್ನು ಇಂದಿನಿಂದಲೇ ಒಂದು ಫೈಲಿನಲ್ಲಿ ಇಡಿ. ಸಂಸ್ಥೆಗಳು ಮುಚ್ಚುತ್ತವೆ, ಯೋಜನೆಗಳು ಮುಗಿಯುತ್ತವೆ, ಆಮೇಲೆ ಸಹಿ ಹಾಕುವವರು ಸಿಗುವುದಿಲ್ಲ. ಪತ್ರದಲ್ಲಿ 'ಮಕ್ಕಳ ರಕ್ಷಣೆ' ಅನ್ನುವ ಮಾತು, ನಿಮ್ಮ ಕೈಕೆಳಗೆ ಎಷ್ಟು ಜನ ಇದ್ದರು ಅನ್ನೋದು ಬರುವ ಹಾಗೆ ಬರೆಸಿಕೊಳ್ಳಿ. ಅಂಕಪಟ್ಟಿ ಬಂದ ಕೂಡಲೇ ಸರ್ಕಾರಿ ನೌಕರರು ಸೇವಾ ಪುಸ್ತಕದಲ್ಲಿ ಸೇರಿಸಲು ಅರ್ಜಿ ಕೊಡಿ. ಗುತ್ತಿಗೆಯವರು ನವೀಕರಣದ ಕಡತಕ್ಕೆ ಒಂದು ಪ್ರತಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.